ಕೆಳಗೆ ಹದಿಮೂರು, ಮೇಲೆ ಇಬ್ಬರು

“ಇಬ್ರ ಏನ್ರಿ? ಇಬ್ರಿಗೆ ಒಂದ ಮನಿ ಯಾಕ ಬೇಕ್ರಿ?”

ವಿಜಯಪುರದಲ್ಲಿ ಬಾಡಿಗೆ ಮನೆ ಹುಡುಕಲು ಹೊರಟ ಮೊದಲ ಬೆಳಿಗ್ಗೆಯೇ ನನಗೆ ಎದುರಾದ ಪ್ರಶ್ನೆ ಇದು. ಕೇಳಿದಾಕೆ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯೊಂದರಲ್ಲಿ, ಕಟ್ಟೆಯ ಮೇಲೆ ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದ ಮುದುಕಿ. ನನ್ನ ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಆರು ವರ್ಷದ ಮಗಳು ಸಿಂಚನಾ. ಹಿಂದಿನ ದಿನ ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದವರು ರಾಜ್ಯದ ಆ ತುದಿಯಿಂದ ಈ ತುದಿಗೆ ಬಂದು ಇಳಿದಿದ್ದೆವು. ಮೈಯಲ್ಲಿ ಇನ್ನೂ ಬಸ್ಸಿನ ಕುಲುಕಾಟವಿತ್ತು.

ನಮ್ಮ ಕಡೆ ಬಾಡಿಗೆಗೆ ಹೋದವರು “ನಾವು ಇಬ್ಬರೇ” ಅಂದರೆ ಮಾಲೀಕರ ಮುಖ ಅರಳುತ್ತದೆ. ನೀರು ಕಡಿಮೆ, ಗಲಾಟೆ ಕಡಿಮೆ, ಗೋಡೆಗೆ ಹೊಡೆಯುವ ಮೊಳೆ ಕಡಿಮೆ. ನಾನೂ ಅದೇ ಲೆಕ್ಕದಲ್ಲಿ, ಒಂದಿಷ್ಟು ಹೆಮ್ಮೆಯಿಂದಲೇ, ಇಬ್ಬರೇ ಅಂದಿದ್ದೆ. ಮುದುಕಿ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಏನೋ ಅನಾಹುತ ಆಗಿ ಉಳಿದವರೆಲ್ಲ ಹೋಗಿ ನಾವಿಬ್ಬರು ಮಾತ್ರ ಬದುಕಿ ಬಂದಿದ್ದೇವೆ ಅನ್ನುವ ಹಾಗೆ.

“ಉಳದವ್ರ ಎಲ್ಲದಾರ್ರಿ?” ಎಂದು ಮೆತ್ತಗೆ ಕೇಳಿದಳು.

ಉಳಿದವರ ವಿಷಯ ಹೇಳಿದೆ. ನಲವತ್ತು ಹತ್ತಿರ ಬಂದಾಗ ನನಗೆ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು, ಶಾಲೆ ಬಬಲೇಶ್ವರದ ಆಚೆಗಿನ ಹಳ್ಳಿಯಲ್ಲಿ. ಗಂಡನಿಗೆ ಕೊಳ್ಳೇಗಾಲದಲ್ಲಿ ಔಷಧಿ ಅಂಗಡಿ, ಅತ್ತೆಗೆ ಮಂಡಿನೋವು. ಅಂಗಡಿಯನ್ನೂ ಮಂಡಿಯನ್ನೂ ಬಸ್ಸು ಹತ್ತಿಸಿಕೊಂಡು ಬರುವ ಹಾಗಿರಲಿಲ್ಲ. ಹೀಗೆ ನಾಲ್ಕು ಜನರ ಸಂಸಾರ ಅರ್ಧಕ್ಕೆ ಮುರಿದು, ಅರ್ಧ ಅಲ್ಲಿ, ಅರ್ಧ ಇಲ್ಲಿ.

“ಮ್ಯಾಲ ಎರಡ ಖೋಲಿ ಅದಾವ, ಇರ್ರಿ,” ಅಂದಳು ಮುದುಕಿ. ಖೋಲಿ ಅಂದರೆ ಕೋಣೆ. “ಹುಡುಗಿ ಅಂಜೂದ ಬ್ಯಾಡ. ಕೆಳಗ ನಾವ ಅದೀವಿ.”

ಆಕೆಯ ಹೆಸರು ಸಂಗವ್ವ ಎಂದು ಇಟ್ಟುಕೊಳ್ಳಿ. ಕೆಳಗೆ ಅವರು ಇದ್ದರು, ನಿಜ. ಎಷ್ಟು ಜನ ಇದ್ದರು ಅನ್ನುವುದು ತಿಳಿಯಲು ನನಗೆ ಒಂದು ವಾರ ಹಿಡಿಯಿತು. ಸಂಗವ್ವ, ಮೂವರು ಗಂಡುಮಕ್ಕಳು, ಮೂವರು ಸೊಸೆಯರು, ಆರು ಮೊಮ್ಮಕ್ಕಳು. ಹಿರಿಯ ಮಗನಿಗೆ ಪೇಟೆಯಲ್ಲಿ ಕಾಳುಕಡಿ ಅಂಗಡಿ. ನಡುವಿನವನು ಶಿವಾನಂದ, ತಿಕೋಟಾದಲ್ಲಿರುವ ದ್ರಾಕ್ಷಿ ತೋಟ ನೋಡಿಕೊಳ್ಳುವವನು. ಕಿರಿಯನು ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವನು. ನಾಲ್ಕು ಕೋಣೆ, ಒಂದು ಪಡಸಾಲೆ, ಒಂದೇ ಒಲೆ. ನಾನು ಬೆಳೆದ ಮನೆಯಲ್ಲಿ ಅಷ್ಟು ಜನ ಸೇರಿದ್ದು ನನ್ನ ಮದುವೆಯ ಹಿಂದಿನ ದಿನ ಮಾತ್ರ.

ಮೊದಮೊದಲು ನನಗೆ ಅವರ ಮೇಲೆ ಕನಿಕರವಿತ್ತು. ಸ್ನಾನಕ್ಕೆ ಸರದಿ, ಕನ್ನಡಿಗೆ ಸರದಿ, ಬೈಕಿಗೆ ಸರದಿ. ನಮಗೋ, ಮೇಲೆ ಎರಡು ಖೋಲಿ, ಒಂದು ಗ್ಯಾಸ್ ಒಲೆ, ಬೇಕಾದಾಗ ಬೇಕಾದ್ದು. ಈ ಕನಿಕರ ಎಷ್ಟು ದಿನ ಬಾಳಿತು ಅಂತೀರಿ? ಮೊದಲ ಸಲ ನಳ ಬರುವವರೆಗೆ. ಇಲ್ಲಿ ನಲ್ಲಿಗೆ ನಳ ಅನ್ನುತ್ತಾರೆ. ಅದು ದಿನಾ ಬರುವುದಿಲ್ಲ, ಬಂದಾಗ ಓಣಿಯೆಲ್ಲ ಎದ್ದು ನಿಲ್ಲುತ್ತದೆ. ಕೆಳಗಿನ ಮನೆಯವರು ಸಾಲಾಗಿ ನಿಂತು ಕೊಡದ ಮೇಲೆ ಕೊಡ ದಾಟಿಸಿ ಅರ್ಧ ಗಂಟೆಯಲ್ಲಿ ಮುಗಿಸಿಬಿಟ್ಟರು. ನಾನು ಎರಡು ಬಕೆಟ್ ಹಿಡಿದು ಮೆಟ್ಟಿಲು ಹತ್ತಿ ಇಳಿದು, ಐದನೇ ಸಲಕ್ಕೆ ಅಲ್ಲೇ ಕೂತುಬಿಟ್ಟೆ. ಆಮೇಲೆ ಅವರೇ ನನ್ನ ಡ್ರಮ್ಮನ್ನೂ ತುಂಬಿಸಿಕೊಟ್ಟರು. ಕೃತಜ್ಞತೆ ಬರಬೇಕಿತ್ತು, ಬಂದದ್ದು ಹೊಟ್ಟೆಕಿಚ್ಚು. ಒಂದು ಮನೆಗೆ ಅಷ್ಟೊಂದು ಕೈಗಳೇ?

ಹೊಟ್ಟೆಕಿಚ್ಚು ಅನ್ನುವುದು ಒಮ್ಮೆ ಒಳಗೆ ಬಂದರೆ ಬಾಡಿಗೆ ಕೊಡದೆ ಕೂರುವ ಜಾತಿ. ಅವರ ಜಗಳ ಕಂಡರೂ ನನಗೆ ಹೊಟ್ಟೆ ಉರಿಯುತ್ತಿತ್ತು. ಹಿರಿಯ ಸೊಸೆ ಸುಮಿತ್ರಾ ಮಧ್ಯಾಹ್ನ ಪಾತ್ರೆ ಕುಕ್ಕಿ, “ನನ್ನ ಕೈಲೆ ಆಗಂಗಿಲ್ಲ, ಬ್ಯಾರೆ ಇಡ್ರಿ” ಅಂತ ಕೂಗುವಳು. ಸಂಜೆ ನೋಡಿದರೆ ಅವಳೇ ಓರಗಿತ್ತಿಯ ತಲೆಗೆ ಎಣ್ಣೆ ಹಚ್ಚುತ್ತಾ ಕೂತಿರುವಳು. ನಾನು ಜಗಳ ಆಡಬೇಕೆಂದರೆ ಗಂಡನಿಗೆ ಫೋನ್ ಮಾಡಬೇಕು. ಆತ ಗಿರಾಕಿ ಬಂದರು ಅಂತ ನಡುವೆಯೇ ಇಟ್ಟುಬಿಡುತ್ತಾನೆ.

ಭಾಷೆಯ ವಿಷಯ ಹೇಳಲೇಬೇಕು. ಎರಡೂ ಕಡೆ ಕನ್ನಡವೇ, ಆದರೂ ಮೊದಲ ತಿಂಗಳು ನಾನು ನಗುತ್ತಾ ತಲೆಯಾಡಿಸಿಯೇ ಕಾಲ ಕಳೆದೆ. ಇಲ್ಲಿ ಅಜ್ಜಿ ಅಂದರೆ ಆಯಿ, ಅಜ್ಜ ಅಂದರೆ ಮುತ್ಯಾ, ಕಾಯಿಲೆ ಅಂದರೆ ಜಡ್ಡು, ಶಾಲೆಯ ಮೇಡಂ ಅಂದರೆ ಅಕ್ಕಾರು. ಸಂಗವ್ವ ನನ್ನನ್ನು ಅಕ್ಕಾರ ಅಂದೇ ಕರೆದಳು. “ಅಕ್ಕಾರ, ಚಾ ಕುಡೀರಿ.” “ಅಕ್ಕಾರ, ಬಿಸಲಾಗ ಬಂದೀರಿ, ಕೂಡ್ರಿ.” ಮರ್ಯಾದೆಗೆ ಕೊರತೆಯಿಲ್ಲ. ಆದರೆ ಸಿಂಚನಾಳನ್ನು ಬಂದ ಮೂರನೇ ದಿನವೇ “ಏ ಸಿಂಚೀ, ಬಾ ಬೇ, ಉಣ್ಣು ಬಾ” ಎಂದು ಕರೆದಿದ್ದಳು. ಎರಡು ವರ್ಷವಾದರೂ ನಾನು ಅಕ್ಕಾರೇ, ರೀ ಹಚ್ಚಿಸಿಕೊಂಡ ಅತಿಥಿಯೇ. ಮೂರೇ ದಿನಕ್ಕೆ ಮಗಳು ಒಳಗೆ ಹೋಗಿಬಿಟ್ಟಳು. ಹೆತ್ತ ಮಗಳ ಮೇಲೆಯೇ ಹೊಟ್ಟೆಕಿಚ್ಚುಪಡುವ ತಾಯಿ ಇರುತ್ತಾಳಾ ಎಂದು ಕೇಳಬೇಡಿ. ಇದ್ದಾಳೆ, ಈ ಸಾಲುಗಳನ್ನು ಬರೆಯುತ್ತಿದ್ದಾಳೆ.

ಸಿಂಚನಾ ಒಳಗೆ ಹೋದದ್ದಕ್ಕೆ ಕಾರಣ ನಾನೇ. ಬೆಳಿಗ್ಗೆ ಎಂಟರೊಳಗೆ ನಾನು ಬಬಲೇಶ್ವರದ ಬಸ್ಸಿನಲ್ಲಿರಬೇಕು. ಮರಳುವಾಗ ಸಂಜೆ ಆರು. ಅವಳ ಶಾಲೆ ಮನೆಯ ಹತ್ತಿರವೇ, ಮೂರೂವರೆಗೆ ಬಿಡುತ್ತದೆ. ನಡುವಿನ ಹೊತ್ತು ಅವಳು ಸಂಗವ್ವನ ಮೊಮ್ಮಕ್ಕಳ ಜೊತೆ ಇರಲಿ ಎಂದು ಬೇಡಿಕೊಂಡವಳು ನಾನು. ಮೊದಲು ಬರೀ ಆಟ. ಆಮೇಲೆ ಆಟದ ನಡುವೆ ಚುರುಮುರಿ. ಆಮೇಲೆ ಶಾಲೆಯಿಂದ ಬಂದ ಕೂಡಲೇ ಊಟ. ಆಮೇಲೆ ಬೆಳಗಿನ ರೊಟ್ಟಿಯೂ ಅಲ್ಲೇ. ಬರಬರುತ್ತಾ ನಾನು ರಾತ್ರಿಗೆ ಮುದ್ದೆ ಕೂಡಿಸಿ ಸೊಪ್ಪಿನ ಸಾರು ಮಾಡಿ ಕರೆದರೆ, “ನಂದ ಊಟ ಆಗೈತಿ ಅಮ್ಮಾ” ಅನ್ನುವಳು. ರಾಗಿ ಹಿಟ್ಟನ್ನು ಅತ್ತೆ ಪ್ರತಿ ಸಲವೂ ಬಿಳಿ ಬಟ್ಟೆಯಲ್ಲಿ ಕಟ್ಟಿ ಕೊಡುತ್ತಾರೆ. ಇಲ್ಲಿಯ ಸುಮಿತ್ರಾ ಅದನ್ನು ನೋಡಿ, “ಯಾರಿಗರೆ ಜಡ್ಡ ಆಗೈತೇನ್ರಿ?” ಎಂದು ಕೇಳಿದ್ದಳು.

ಒಂದು ಸಂಜೆ ಹೋಮ್‌ವರ್ಕ್ ಮಾಡು ಎಂದು ಗದರಿದ್ದಕ್ಕೆ ಸಿಂಚನಾ ಸೊಂಟದ ಮೇಲೆ ಕೈಯಿಟ್ಟು, “ಯಾಕ ಬೇ ಅಮ್ಮಾ, ಸುಮ್‌ಸುಮ್ಕ ಒದರಾಕತ್ತಿ?” ಅಂದಳು. ಕೊಳ್ಳೇಗಾಲದ ಕೂಸಿನ ಬಾಯಲ್ಲಿ ಸಂಗವ್ವನ ದನಿ. ನಕ್ಕುಬಿಟ್ಟೆ. ನಕ್ಕು ಮುಗಿದ ಮೇಲೆ ಒಳಗೆಲ್ಲೋ ಚುಚ್ಚಿತು.

ಇಷ್ಟರಲ್ಲಿ ಜನಗಣತಿಯ ಮನೆಪಟ್ಟಿ ಮಾಡುವ ಕೆಲಸ ಬಂತು. ಮೇಷ್ಟ್ರುಗಳ ಹಣೆಬರಹ ನಿಮಗೆ ಗೊತ್ತು. ನನ್ನ ಪಾಲಿಗೆ ಬಿದ್ದದ್ದು ನಾನಿರುವ ಓಣಿಯ ಸುತ್ತಮುತ್ತಲೇ. ಮೊಬೈಲ್ ಹಿಡಿದು ಮನೆಮನೆಗೆ ಹೋಗಬೇಕು. ಎಷ್ಟು ಕೋಣೆ, ಎಷ್ಟು ಜನ, ಮದುವೆಯಾದ ಜೋಡಿ ಎಷ್ಟು, ನೀರು ಎಲ್ಲಿಂದ, ಮುಖ್ಯವಾಗಿ ಉಣ್ಣುವ ಧಾನ್ಯ ಯಾವುದು. ಕೆಲಸಕ್ಕೆ ಮುಂಚೆ ತರಬೇತಿ ಕೊಟ್ಟರು. ಅಲ್ಲಿ ನನ್ನ ಮನಸ್ಸಿಗೆ ಬಹಳ ಹಿಡಿಸಿದ್ದು ಒಂದು ನಿಯಮ. ಕುಟುಂಬ ಅಂದರೆ ರಕ್ತಸಂಬಂಧವಲ್ಲ, ಒಂದೇ ಸೂರಲ್ಲ, ಸಾಮಾನ್ಯವಾಗಿ ಜೊತೆಗಿದ್ದು ಒಂದೇ ಅಡುಗೆಮನೆಯಿಂದ ಉಣ್ಣುವವರು. ಒಲೆ ಎರಡಾದರೆ ಕುಟುಂಬವೂ ಎರಡು. ಗಣಿತದವಳಿಗೆ ಇದಕ್ಕಿಂತ ಚೊಕ್ಕವಾದ ಸೂತ್ರ ಬೇಕೆ?

ಆ ಸೂತ್ರವನ್ನು ನಾನು ಮೊದಲು ಪ್ರಯೋಗಿಸಿದ್ದು ದಸ್ತಗೀರ್ ಚಾಚಾ ಅವರ ಮನೆಯಲ್ಲಿ. ಓಣಿಯ ತಿರುವಿನಲ್ಲಿ ಅವರದು ತಲೆತಲಾಂತರದ ಬಳೆ ಅಂಗಡಿ, ಹಿಂದೆಯೇ ಮನೆ. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಮಕ್ಕಳು. ಈದ್‌ ಹಬ್ಬಕ್ಕೆ ಆ ಮನೆಯ ಅಂಗಳದಲ್ಲಿ ನಿಲ್ಲಲು ಜಾಗವಿರುವುದಿಲ್ಲ, ನಾನು ನಮ್ಮ ಮೇಲಿನ ತಾರಸಿಯಿಂದ ನೋಡುತ್ತಾ ನಿಂತಿರುತ್ತೇನೆ. ಒಳಗೆ ಹೋಗಿ ನೋಡಿದರೆ ಎರಡು ಒಲೆ.

“ಎರಡು ಕುಟುಂಬ,” ಅಂದೆ.

ಚಾಚಾ ಕನ್ನಡಕ ತೆಗೆದರು. “ಒಲಿ ಎರಡ ಖರೆ ಅಕ್ಕಾರ. ಹುಡುಗ್ರು ಬ್ಯಾರೆ ಆಗಿಲ್ರಿ. ಸಣ್ಣ ಸೊಸಿಗೆ ಖಾರ ಆಗಿ ಬರಂಗಿಲ್ಲ, ಅದಕ್ಕ ಎರಡ ಕಡೆ ಅಡಗಿ. ಒಂದಂತ ಬರಕೋರಿ.”

“ನಿಯಮ ಹಾಗಿಲ್ಲ ಚಾಚಾ. ಅಡುಗೆ ಬೇರೆ ಅಂದರೆ ಕುಟುಂಬ ಬೇರೆ.”

“ಹಂಗಾದ್ರ ನಾ ಯಾವ ಮನ್ಯಾಂವ ಆದ್ನಿರಿ? ಮುಂಜಾನೆ ಇವರ ಕಡೆ ಉಣ್ತೇನಿ, ಸಂಜಿಕ ಅವರ ಕಡೆ.”

ಅವರನ್ನು ಹಿರಿಯ ಮಗನ ಪಾಲಿಗೆ ಬರೆದೆ. ಎರಡು ಸಲ “ಇದೂ ಒಂದ ಮನೀನ ರಿ” ಅಂದರು. ಆಮೇಲೆ ಕನ್ನಡಕ ಒರೆಸತೊಡಗಿದರು. ನಾನು ಕೆಲಸ ಮಾಡಿದೆ, ತಪ್ಪೇನೂ ಮಾಡಲಿಲ್ಲ. ಆದರೆ ಸುಳ್ಳು ಹೇಳಲಾರೆ, ಆ ತುಂಬಿದ ಮನೆಯನ್ನು ಎರಡು ಎಂದು ಒಡೆದು ಬರೆಯುವಾಗ ನನ್ನ ಬೆರಳಿಗೆ ಒಂದು ಸಣ್ಣ ಖುಷಿ ಆಯಿತು. ನಮ್ಮದೂ ಒಡೆದಿದೆಯಲ್ಲ, ನಿಮ್ಮದೂ ಒಡೆಯಲಿ ಅನ್ನುವ ಖುಷಿ.

ಮರುದಿನ ಭಾನುವಾರ, ಸಂಗವ್ವನ ಸರದಿ. ಪಡಸಾಲೆಯಲ್ಲಿ ಚಾಪೆ ಹಾಸಿ, ಚಹಾ ಕೊಟ್ಟು, ಸರ್ಕಾರವೇ ಮನೆಗೆ ಬಂದ ಹಾಗೆ ಸೆರಗು ಸರಿಮಾಡಿಕೊಂಡು ಕೂತಳು. ಕೋಣೆ ನಾಲ್ಕು, ಜೋಡಿ ಮೂರು, ಮುಖ್ಯ ಧಾನ್ಯ ಜೋಳ. ಎಲ್ಲ ಸರಾಗವಾಗಿ ಹೋಯಿತು. ಮನೆಯಲ್ಲಿ ಎಷ್ಟು ಜನ ಎಂದೆ. ಕೈಯಾಡಿಸಿ ತಡೆದಳು.

“ಮಂದೀನ ಎಣಸಬಾರದ್ರಿ ಅಕ್ಕಾರ. ದನಾ ಎಣಸ್ತಾರ, ಚೀಲಾ ಎಣಸ್ತಾರ. ಉಣ್ಣೂ ಮಂದೀನ ಎಣಿಸಿದ್ರ ದೃಷ್ಟಿ ಆಗ್ತೈತಿ.”

“ಸರ್ಕಾರ ಕೇಳ್ತಾ ಇದೆ ಸಂಗವ್ವಾರೇ.”

“ಸರ್ಕಾರಕ್ಕ ರೊಟ್ಟಿ ಎಣಿಸಿ ಕೊಡ್ತೇನಿ, ತಗೋರಿ.”

ಈ ಮನೆಯ ಪದ್ಧತಿ ಆವತ್ತು ತಿಳಿಯಿತು. ಬೆಳಗಿನ ಜಾವ ಸೊಸೆಯರು ರೊಟ್ಟಿ ಬಡಿಯುತ್ತಾರೆ, ಎಷ್ಟು ಬಡಿಯಬೇಕೆಂದು ಹೇಳುವವಳು ಸಂಗವ್ವ. ತಲೆ ಎಣಿಸುವುದಿಲ್ಲ, ಒಬ್ಬೊಬ್ಬರ ಹೆಸರು ಹೇಳಿ ಅವರ ಹೊಟ್ಟೆ ಹೇಳುತ್ತಾಳೆ. ಈಗಲೂ ಕಣ್ಣು ಮುಚ್ಚಿ ಶುರುಮಾಡಿದಳು. ಹಿರಿಯ ಮಗನಿಗೆ ನಾಲ್ಕು, ಅವನಿಗೆ ಸಕ್ಕರೆ ಕಾಯಿಲೆ, ನಾಲ್ಕೇ ಸಾಕು. ಸುಮಿತ್ರಾಗೆ ಮೂರು. ನಾನು ಒಂದು ಕಾಗದದ ಮೇಲೆ ಒಂದೊಂದು ಹೆಸರಿಗೂ ಒಂದೊಂದು ಗೀಟು ಎಳೆದುಕೊಂಡೆ. ಶಿವಾನಂದನಿಗೆ ಐದು ಅಂದಾಗ ತಡೆದೆ. ಆತ ವಾರದಲ್ಲಿ ನಾಲ್ಕು ದಿನ ತಿಕೋಟಾದ ತೋಟದಲ್ಲೇ ಇರುತ್ತಾನಲ್ಲ?

“ಇರವಲ್ಲನ್ಯಾಕ. ಮುಂಜಾನಿ ಬಸ್ಸಿಗೆ ಬುತ್ತಿ ಹೋಗ್ತೈತಿ ಇಲ್ಲಿಂದ. ಎಲ್ಲೆರೆ ಮಲಗವಲ್ಲನ್ಯಾಕ, ನನ್ನ ರೊಟ್ಟಿ ಉಣ್ಣಾಂವ ನನ್ನ ಮನ್ಯಾಂವ.”

ತರಬೇತಿಯಲ್ಲಿ ಒಂದು ದಿನ ಹಿಡಿದದ್ದನ್ನು ಓದುಬರಹ ಇಲ್ಲದ ಮುದುಕಿ ಒಂದೇ ಮಾತಿನಲ್ಲಿ ಹೇಳಿದಳು. ಮೆಚ್ಚಿಕೊಂಡು, “ಸರಿಯಾಗಿ ಹೇಳಿದಿರಿ, ನಾನೂ ಒಲೆ ನೋಡಿಯೇ ಬರೆಯೋದು” ಎಂದು ಶಿವಾನಂದನಿಗೂ ಗೀಟು ಎಳೆದೆ. ಹೆಸರುಗಳು ಮುಂದುವರಿದವು. ಕೊನೆಗೆ ಮಕ್ಕಳು. ಆರು ಮಕ್ಕಳು ಮುಗಿದವು ಎಂದುಕೊಳ್ಳುವಾಗ ಸಂಗವ್ವ ಉಸಿರು ತೆಗೆದುಕೊಂಡು ಹೇಳಿದಳು:

“ಸಿಂಚೀಗೆ ಒಂದೂವರಿ.”

ನನ್ನ ಪೆನ್ನು ನಿಂತಿತು.

“ಅರ್ಧ ಯಾಕ ಅಂದ್ರ, ಮೊದಲನೇದ್ದು ಶೇಂಗಾ ಚಟ್ನಿ ಹಚಗೊಂಡು ಉಣ್ತಾಳ, ಅರ್ಧ ಮಾತ್ರ ಮಸರಾಗ ನೆನಿಸಬೇಕು. ಪೂರ್ತಿ ಹಾಕಿದ್ರ ಬಿಡ್ತಾಳ.”

ಹೆತ್ತವಳು ನಾನು. ನನ್ನ ಮಗಳು ಒಂದೂವರೆ ರೊಟ್ಟಿ ಉಣ್ಣುತ್ತಾಳೆ, ಆ ಅರ್ಧವನ್ನು ಮೊಸರಿನಲ್ಲಿ ನೆನೆಸಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲ. ಮೇಲೆ ನನ್ನ ತಟ್ಟೆಯ ಮುಂದೆ ಅರ್ಧ ದೋಸೆಗೆ ಮುಖ ತಿರುಗಿಸುವ ಹುಡುಗಿ ಅದು.

“ಅವಳನ್ನ ಇಲ್ಲಿ ಬರೆಯೋಕೆ ಬರಲ್ಲ,” ಅಂದೆ. “ನಿಮ್ಮದು ಹದಿಮೂರು. ಸಿಂಚನಾ ನಮ್ಮ ಮನೆ.”

“ಈಗರೆ ಅಂದ್ರೆಲ್ರಿ, ಒಲಿ ನೋಡಿ ಬರೀತೇನಿ ಅಂತ. ಹುಡುಗಿ ಉಣ್ಣೂದು ಎಲ್ಲಿ?”

ಸೊಸೆಯರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸುಮಿತ್ರಾ ನಕ್ಕಳೇನೋ, ಅಥವಾ ನನಗೆ ಹಾಗೆ ಕಂಡಿತೇನೋ. ಎರಡು ವರ್ಷದಿಂದ ಒಳಗೆ ಕೂತು ಕುದಿಯುತ್ತಿದ್ದದ್ದು ಉಕ್ಕಿ ಬಂತು.

“ಅವಳು ನಿಮ್ಮ ಮೊಮ್ಮಗಳಲ್ಲ ಸಂಗವ್ವಾರೇ. ಬಾಡಿಗೆಯವರ ಮಗಳು. ಇವತ್ತು ಇರ್ತೀವಿ, ನಾಳೆ ಹೋಗ್ತೀವಿ.”

ಸಂಗವ್ವ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದಳು. ನಾನು ಹದಿಮೂರು ಎಂದು ತುಂಬಿಸಿ ಮೆಟ್ಟಿಲು ಹತ್ತಿ ಬಂದೆ.

ಮೇಲೆ ಬಂದು ನನ್ನ ಮನೆಯದನ್ನೂ ತುಂಬಿಸಿದೆ. ಕೋಣೆ ಎರಡು, ಜನ ಇಬ್ಬರು. ಮದುವೆಯಾದ ಜೋಡಿ: ಸೊನ್ನೆ. ಆ ಸೊನ್ನೆ ಒತ್ತುವಾಗ ಕುತ್ತಿಗೆಯ ತಾಳಿ ಮುಟ್ಟಿ ನೋಡಿಕೊಂಡೆ. ಮುಖ್ಯ ಧಾನ್ಯ ಯಾವುದು? ಡಬ್ಬಿಯಲ್ಲಿದ್ದ ರಾಗಿ ಹಿಟ್ಟಿಗೆ ಹುಳು ಬಿದ್ದು ತಿಂಗಳಾಗಿತ್ತು. ಜೋಳ ಎಂದು ಒತ್ತಲು ಕೈ ಬರಲಿಲ್ಲ. ಅಕ್ಕಿ ಎಂದು ಒತ್ತಿ ಮುಗಿಸಿದೆ. ಮನಸ್ಸು ತಡೆಯದೆ ಮೇಲ್ವಿಚಾರಕರಿಗೆ ಫೋನ್ ಮಾಡಿ, ಹೀಗೊಂದು ಮಗು ಕೆಳಗೆ ಉಣ್ಣುತ್ತದೆ, ಮೇಲೆ ಮಲಗುತ್ತದೆ, ಏನು ಮಾಡಲಿ ಎಂದು ಯಾರದೋ ವಿಷಯದಂತೆ ಕೇಳಿದೆ. ಅವರು ನಕ್ಕು, “ತಾಯಿ ಕೂಡ ಇದ್ದ ಕೂಸು ತಾಯಿದ ಅಲ್ಲೇನ್ರಿ ಮೇಡಂ?” ಅಂದರು. ಕಾಗದ ನನ್ನ ಕಡೆಗಿತ್ತು. ಗೆದ್ದಿದ್ದೆ.

ಗೆದ್ದ ಮೇಲೆ ಗೆದ್ದವರಂತೆ ಇರಬೇಕಲ್ಲ? ಇನ್ನು ಕೆಳಗೆ ಉಣ್ಣಬಾರದು ಎಂದು ಸಿಂಚನಾಳಿಗೆ ಕಟ್ಟಪ್ಪಣೆ ಮಾಡಿದೆ. ಹೊಸ ಡಬ್ಬಿ ತಂದೆ. ಮನೆಯ ಕೀಲಿಯನ್ನು ದಾರಕ್ಕೆ ಕಟ್ಟಿ ಅವಳ ಕೊರಳಿಗೆ ಹಾಕಿದೆ. ಶಾಲೆ ಬಿಟ್ಟು ಬಂದು ಮೇಲೆಯೇ ಕೂತು ಡಬ್ಬಿ ಉಣ್ಣು, ಬಾಗಿಲು ಹಾಕಿಕೋ, ಆರು ಗಂಟೆಗೆ ಬರುತ್ತೇನೆ. ಯಾಕೆ ಎಂದು ಅವಳು ಒಮ್ಮೆ ಮಾತ್ರ ಕೇಳಿದಳು. “ನಾವು ಬೇರೆ ಮನೆ, ಅವರು ಬೇರೆ ಮನೆ” ಅಂದೆ. ತಲೆಯಾಡಿಸಿದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಸಂಗವ್ವ ಅವಳನ್ನು ಕರೆಯುವುದನ್ನು ನಿಲ್ಲಿಸಿದಳು. ನನ್ನನ್ನು ಕಂಡರೆ “ಅಕ್ಕಾರ, ಆರಾಮ್ರಿ?” ಅಂತ ಕೇಳುವುದನ್ನು ನಿಲ್ಲಿಸಲಿಲ್ಲ. ನಳ ಬಂದಾಗ ನನ್ನ ಡ್ರಮ್ಮು ಎಂದಿನ ಹಾಗೇ ತುಂಬಿತು. ಡಬ್ಬಿ ಮಾತ್ರ ಸಂಜೆ ಅರ್ಧ ತುಂಬಿಯೇ ಇರುತ್ತಿತ್ತು. ಚಿತ್ರಾನ್ನ, ಪುಳಿಯೋಗರೆ, ನಿಂಬೆ ಹಿಂಡಿದ ಅವಲಕ್ಕಿ, ನನಗೆ ಬರುವ ವಿದ್ಯೆಯನ್ನೆಲ್ಲ ಡಬ್ಬಿಗೆ ತುಂಬಿ ನೋಡಿದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಗಂಡನೂ ಇರಲಿಲ್ಲ, ಸರಿಯಾದ ಜಗಳವೂ ನಡೆದಿರಲಿಲ್ಲ, ಕೂಸು ಬಡವಾಗಿತ್ತು.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಯಾವುದೋ ಕಾರಣಕ್ಕೆ ನನ್ನ ಶಾಲೆ ಮಧ್ಯಾಹ್ನವೇ ಬಿಟ್ಟಿತು. ಜೈನಾಪುರದ ಕಡೆಯಿಂದ ಬಂದ ಬಸ್ಸು ಸಿಕ್ಕಿ ನಾಲ್ಕಕ್ಕೆಲ್ಲ ಓಣಿಗೆ ಬಂದೆ. ಅಂಗಳದ ಬಾಗಿಲು ತೆರೆದೇ ಇತ್ತು. ನಮ್ಮ ಮೆಟ್ಟಿಲು ಹೊರಗಿನಿಂದಲೇ ಏರುತ್ತದೆ, ಹನ್ನೊಂದು ಮೆಟ್ಟಿಲು. ಅದರ ನಡುವಿನ ಮೆಟ್ಟಿಲಲ್ಲಿ ಸಿಂಚನಾ ಕೂತಿದ್ದಳು, ತೊಡೆಯ ಮೇಲೆ ನನ್ನ ಡಬ್ಬಿ. ಕೆಳಗೆ ಮೊದಲ ಮೆಟ್ಟಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಸಂಗವ್ವ, ಅವಳ ಮುಂದೆ ಅವಳ ತಾಟು. ಸಂಗವ್ವ ತನ್ನ ರೊಟ್ಟಿ ಮುರಿದು ತಾನು ಉಣ್ಣುತ್ತಿದ್ದಳು. ಸಿಂಚನಾ ತನ್ನ ಚಿತ್ರಾನ್ನ ತಾನು ಉಣ್ಣುತ್ತಿದ್ದಳು. ಒಂದು ಚೂರೂ ಆಚೀಚೆ ಆಗುತ್ತಿರಲಿಲ್ಲ. ನನ್ನ ಮಾತನ್ನು ಇಬ್ಬರೂ ಮೀರಿರಲಿಲ್ಲ.

“ಆಯಿ, ಇವತ್ತ ಏನ ಪಲ್ಯ?”

“ಪುಂಡಿಪಲ್ಯ. ನಿಂದ ಏನ?”

“ಹಳದಿ ಅನ್ನ.”

“ಚಲೋ ಐತಿ ನೋಡು. ಪೂರಾ ಉಣ್ಣು, ಬಿಡಬ್ಯಾಡ. ನಿಮ್ಮವ್ವ ನಸಿಕಲೆ ಎದ್ದ ಮಾಡ್ಯಾಳ.”

ನಾನು ಬಾಗಿಲ ಮರೆಯಲ್ಲೇ ನಿಂತಿದ್ದೆ. ಅಳು ಬಂತು ಎಂದು ಬರೆದರೆ ನಿಮಗೆ ಹಿತವಾಗಬಹುದು. ಬಂದದ್ದು ಅಳುವಲ್ಲ, ಈ ಎರಡು ವರ್ಷದಲ್ಲೇ ದೊಡ್ಡ ಹೊಟ್ಟೆಯುರಿ. ನಾನು ಮಾಡಿದ ಅನ್ನವನ್ನೂ ನನ್ನ ಮಗಳಿಗೆ ಉಣ್ಣಿಸಲು ಈ ಮುದುಕಿಯೇ ಬೇಕಾಯಿತಲ್ಲ! ಅವಳು ನನ್ನನ್ನು ಬೈದಿದ್ದರೆ, ಕದ್ದು ಒಂದು ತುತ್ತು ರೊಟ್ಟಿ ಕೊಟ್ಟಿದ್ದರೆ, ನಾನು ಇನ್ನೂ ಒಂದು ವರ್ಷ ಗೆದ್ದುಕೊಂಡೇ ಇರುತ್ತಿದ್ದೆ. ಅವಳು ನನಗೆ ಅಷ್ಟೂ ಅವಕಾಶ ಕೊಡಲಿಲ್ಲ.

ಚಪ್ಪಲಿಯ ಸದ್ದಿಗೆ ಸಂಗವ್ವ ತಿರುಗಿದಳು. ಏಳಲು ಹೋದಳು, ಮೊಣಕಾಲು ಬಿಡಲಿಲ್ಲ. ನಾನು ಹತ್ತಿರ ಹೋಗಿ, “ಆ ಲೆಕ್ಕ ಇನ್ನೂ ಕಳಿಸಿಲ್ಲ ಸಂಗವ್ವಾರೇ. ಬೇಕಿದ್ದರೆ ಇನ್ನೊಂದು ಸಲ ಮೇಲಿನವರನ್ನ ಕೇಳ್ತೀನಿ. ಹದಿನಾಲ್ಕು ಅಂತ...” ಅಂದೆ.

ಮುದುಕಿ ನನ್ನನ್ನೇ ನೋಡಿದಳು. ಅಕ್ಕಾರ ಅನ್ನಲಿಲ್ಲ. ರೀ ಅನ್ನಲಿಲ್ಲ.

“ಕಾಗದದ ಮ್ಯಾಲಿನ ಹುಡುಗೀನ ನೀನ ಇಟಗೋ ಬೇ,” ಅಂದಳು. “ಈ ಹುಡುಗೀನ ಉಣ್ಣಾಕ ಕಳಸು.”

ಸಿಂಚನಾ ನನ್ನ ಮುಖ ನೋಡುತ್ತಿದ್ದಳು. ಹೋಗು ಎಂದು ನಾನು ಹೇಳಿ ಮುಗಿಸುವ ಮೊದಲೇ ಐದು ಮೆಟ್ಟಿಲು ಹಾರಿ ಇಳಿದಳು. ಡಬ್ಬಿ ಅಲ್ಲೇ ಉಳಿಯಿತು. ಉಳಿದ ಚಿತ್ರಾನ್ನವನ್ನು ನಾನು ಅದೇ ಮೆಟ್ಟಿಲ ಮೇಲೆ ಕೂತು ಉಂಡೆ. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು.

ಲೆಕ್ಕ ಹಾಗೇ ಹೋಯಿತು, ಕೆಳಗೆ ಹದಿಮೂರು, ಮೇಲೆ ಇಬ್ಬರು. ದಸ್ತಗೀರ್ ಚಾಚಾ ಅವರದು ಎರಡಾಗಿಯೇ ಹೋಯಿತು. ಅವರು ಈಗಲೂ ಸಿಂಚನಾಳನ್ನು ಕೂಗಿ ಕರೆದು ಬಳೆ ತೊಡಿಸುತ್ತಾರೆ, ನನ್ನನ್ನು ಕಂಡರೆ ಕನ್ನಡಕ ಒರೆಸುತ್ತಾರೆ. ಅದು ನನಗೆ ಸಲ್ಲಬೇಕಾದದ್ದೇ.

ಕೊಳ್ಳೇಗಾಲದ ಮನೆಗೂ ಎಣಿಸುವವರು ಬಂದಿದ್ದರಂತೆ. ಎಷ್ಟು ಜನ ಅಂತ ಹೇಳಿದಿರಿ ಎಂದು ಗಂಡನನ್ನು ಕೇಳಿದೆ.

“ನಾಲ್ಕು.”

“ಎರಡಲ್ವಾ? ನಾವು ಇಲ್ಲಿದೀವಲ್ಲ.”

“ನಾನೂ ಎರಡು ಅಂದೆ ಕಣೇ. ಅಮ್ಮ ಬಿಡಬೇಕಲ್ಲ. ನನ್ ಸೊಸೆ, ಮೊಮ್ಮಗಳು ಏನು ಸತ್ತೋಗವ್ರಾ ಅಂತ ಆ ಹುಡುಗನ್ ಮೇಲೇ ಎಗರಿಬಿದ್ರು. ಅವನು ಹೆದರ್ಕೊಂಡು ನಾಲ್ಕು ಬರ್ಕೊಂಡು ಹೋದ.”

ನಿಯಮ ಗೊತ್ತಿದ್ದವಳು ನಾನು, ತಪ್ಪು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಎಲ್ಲೋ ಒಂದು ಕಡೆ ನಾನಿನ್ನೂ ನಾಲ್ವರಲ್ಲಿ ಒಬ್ಬಳು ಎಂದು ಬರೆದಿದೆಯಲ್ಲ ಎಂದು ಹಿತವಾಯಿತು.

ಅದೇ ಫೋನಿನಲ್ಲಿ ಆತ ಇನ್ನೊಂದು ಮಾತೂ ಹೇಳಿದ. ನಮ್ಮ ಕಡೆಯ ಶಾಲೆಯಲ್ಲಿರುವ ಈ ಭಾಗದ ಮೇಡಂ ಒಬ್ಬರು ಪರಸ್ಪರ ವರ್ಗಾವಣೆಗೆ ಜೊತೆಗಾರರನ್ನು ಹುಡುಕುತ್ತಿದ್ದಾರೆ. ಅವರು ಇಲ್ಲಿಗೆ, ನಾನು ಅಲ್ಲಿಗೆ. ಅರ್ಜಿ ಹಾಕಿದರೆ ಆಗಿಬಿಡಬಹುದು. ಎರಡು ವರ್ಷದಿಂದ ಯಾವ ದೇವರ ಬಳಿ ನಾನು ಇದನ್ನು ಕೇಳಿರಲಿಲ್ಲ! ಫೋನ್ ಇಟ್ಟವಳೇ ಸಿಂಚನಾಳನ್ನು ಕರೆದು ತೊಡೆಯ ಮೇಲೆ ಕೂರಿಸಿಕೊಂಡೆ. ಊರಿಗೆ ಹೋಗೋಣವಾ, ಅಪ್ಪನ ಹತ್ತಿರ, ಅಜ್ಜಿಯ ಹತ್ತಿರ, ಪೂರ್ತಿಯಾಗಿ?

ಅವಳು ಯೋಚಿಸಿದಳು. ನನಗೆ ಬೇಜಾರಾಗಬಾರದು ಎಂದು ಯೋಚಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ನನ್ನ ಕೆನ್ನೆ ಸವರಿ ಹೇಳಿದಳು:

“ನೀ ಹೋಗಿ ಬಾ ಅಮ್ಮಾ. ನಾ ಆಯಿ ಹಂತ್ಯಾಕ ಇರ್ತೇನಿ.”

ಅರ್ಜಿ ಹಾಕುವ ಕೊನೆಯ ದಿನ ಮೊನ್ನೆ ಮುಗಿಯಿತು. ನಾನು ಹಾಕಲಿಲ್ಲ. ಗಂಡನಿಗೆ ಹತ್ತನೇ ತರಗತಿಯ ಮಕ್ಕಳನ್ನು ನಡುವೆ ಬಿಟ್ಟು ಬರಲಾಗದು ಎಂದೆ. ಅದೂ ಸುಳ್ಳಲ್ಲ. ಅತ್ತೆ ಫೋನಿನಲ್ಲೇ ಮೂಗು ಒರೆಸಿಕೊಂಡರು. “ಯಾರವ್ವ ಅವಳು ಆಯಿ, ನನ್ ಮೊಮ್ಮಗಳ್ನ ಕಿತ್ಕೊಂಡೋಳು?” ಎಂದು ಕೇಳಿದರು. ಆ ದನಿಯಲ್ಲಿದ್ದ ಉರಿ ನನಗೆ ಚೆನ್ನಾಗಿ ಗೊತ್ತು. “ಒಳ್ಳೆಯವರು, ಅತ್ತೆ” ಎಂದಷ್ಟೇ ಹೇಳಿದೆ.

ಈಗಲೂ ಬೆಳಿಗ್ಗೆ ಬಸ್ಸಿಗೆ ಇಳಿಯುವಾಗ ಪಡಸಾಲೆಯಲ್ಲಿ ಏಳು ಮಕ್ಕಳು ಸಾಲಾಗಿ ಕೂತಿರುತ್ತಾರೆ. ನನ್ನ ಮಗಳು ಸುಮಿತ್ರಾಳ ಮಗಳ ಪಕ್ಕದಲ್ಲಿ ಒತ್ತಿಕೊಂಡು ಕೂತು, ಅರ್ಧ ರೊಟ್ಟಿಯನ್ನು ಮೊಸರಿನಲ್ಲಿ ಕಲಸುತ್ತಾ ನನಗೆ ಎಡಗೈ ಬೀಸುತ್ತಾಳೆ. ನನ್ನ ಹೊಟ್ಟೆ ಉರಿಯುತ್ತದೆ, ದಿನಾ, ತಪ್ಪದೆ. ಬಸ್ಸಿನಲ್ಲಿ ಕೂತು ಯೋಚಿಸುತ್ತೇನೆ, ಕೊಳ್ಳೇಗಾಲಕ್ಕೆ ಮರಳಿ ಹೋಗಿ ಆ ದೊಡ್ಡ ಸುಮ್ಮನಿರುವ ಮನೆಯಲ್ಲಿ ಕೂತರೆ, ನಾನು ಯಾರನ್ನು ನೋಡಿ ಹೊಟ್ಟೆ ಉರಿಸಿಕೊಳ್ಳಲಿ?